ಅವಳಿ ಸರೋವರದ ಒಂಟಿ ಮನೆ

ಎಲೆಕೋಸನ್ನು ಇಬ್ಬರು ಸೇರಿ ಹೊತ್ತು ತಂದು ತಕ್ಕಡಿಯ ಮೇಲೆ ಇಳಿಸಿದರು. ಹಸುಗೂಸನ್ನು ಮಲಗಿಸಬಹುದಾದಷ್ಟು ಅಗಲದ ಎಲೆಗಳು. ಎಲೆಯ ನರಗಳೇ ಹೆಬ್ಬೆರಳಿನಷ್ಟು ದಪ್ಪ. ಸುತ್ತ ನೆರೆದವರು ತೂಕದ ಅಂಕಿ ನಿಲ್ಲುವ ತನಕ ಉಸಿರು ಬಿಗಿಹಿಡಿದು ಕಾದು, ಆಮೇಲೆ ಹೋ ಎಂದು ಕೂಗಿದರು. ಅಲಾಸ್ಕಾದ ಪಾಮರ್ ಎಂಬ ಪುಟ್ಟ ಊರಿನಲ್ಲಿ ಆಗಸ್ಟ್ ಕೊನೆಗೆ ನಡೆಯುವ ಜಾತ್ರೆ ಇದು. 2012ರಲ್ಲಿ ಇದೇ ಜಾತ್ರೆಯಲ್ಲಿ ತೂಗಿದ ಒಂದು ಎಲೆಕೋಸು 62.71 ಕಿಲೋ ಬಂದು ಗಿನ್ನೆಸ್ ಪುಸ್ತಕ ಸೇರಿತು.

ಹಿಮದ ನಾಡು ಎಂದು ನಾವು ಶಾಲೆಯಲ್ಲಿ ಓದಿದ ಜಾಗದಲ್ಲಿ ಇಂಥ ಬೆಳೆ ಹೇಗೆ ಬಂತು ಎಂಬುದಕ್ಕೆ ಉತ್ತರ ಆಕಾಶದಲ್ಲಿದೆ. ಪಾಮರ್ ಇರುವುದು 61 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ. ಜೂನ್‌ನಲ್ಲಿ ಇಲ್ಲಿ ಸೂರ್ಯ ಹತ್ತೊಂಬತ್ತು ಗಂಟೆ ಹೊತ್ತು ಮುಳುಗುವುದಿಲ್ಲ. ಉಳಿದ ಐದು ಗಂಟೆಯೂ ಕತ್ತಲೆಂದರೆ ಕತ್ತಲಲ್ಲ, ಬರೀ ಮಬ್ಬು. ಕೋಸು, ಕ್ಯಾರೆಟ್, ಆಲೂಗಡ್ಡೆಗಳಂಥ ತಂಪುಪ್ರಿಯ ಬೆಳೆಗಳು ನಿದ್ದೆಗೆಟ್ಟು ಬೆಳೆಯುತ್ತವೆ. ಹಿಮನದಿಗಳು ಬಂಡೆಯನ್ನು ಅರೆದು ನುಣ್ಣಗೆ ಮಾಡಿದ ಮಣ್ಣನ್ನು ಗಾಳಿ ಸಾವಿರಾರು ವರ್ಷ ತಂದು ಈ ಮಟಾನುಸ್ಕಾ ಕಣಿವೆಯಲ್ಲಿ ಸುರಿದಿದೆ. ಆದರೆ ಟೊಮೆಟೊ, ಮೆಣಸಿನಕಾಯಿ ಬೇಕೆಂದರೆ ಗಾಜಿನ ಮನೆಯೇ ಗತಿ, ಏಕೆಂದರೆ ಬೇಸಿಗೆಯಲ್ಲೂ ರಾತ್ರಿಗಳು ತಣ್ಣಗಿರುತ್ತವೆ. ಭೂಮಿಗೆ ಸಿಗುವ ಕೆಲಸದ ದಿನಗಳು ನೂರು, ನೂರಹತ್ತು. ಆಮೇಲೆ ಹಿಮ.

ಊರು ಬಿಟ್ಟು ಎಲ್ಲೋ ದೂರದ ಚಳಿನಾಡಿಗೆ ಹೋಗಿ, ತನ್ನ ಅನ್ನ, ತನ್ನ ಸೂರು, ತನ್ನ ಬೆಂಕಿಯನ್ನು ತಾನೇ ಮಾಡಿಕೊಂಡು ಬದುಕುವ ಕನಸು ಈಗ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ರಾತ್ರಿ ಹೊತ್ತು ಮೊಬೈಲ್ ಪರದೆಯ ಮೇಲೆ ಓಡುತ್ತಿರುತ್ತದೆ. ಆ ಕನಸಿನ ಭೂಪಟದಲ್ಲಿ ಅಲಾಸ್ಕಾ ಎಂಬ ಹೆಸರು ದಪ್ಪ ಅಕ್ಷರದಲ್ಲಿದೆ. ಕರ್ನಾಟಕದ ಒಂಬತ್ತರಷ್ಟು ವಿಸ್ತಾರದ ನೆಲ. ಹುಬ್ಬಳ್ಳಿ-ಧಾರವಾಡಕ್ಕಿಂತಲೂ ಕಡಿಮೆ ಜನ. ಅಂಥ ಕನಸನ್ನು ನಿಜಕ್ಕೂ ಬದುಕಿದವರ ಗುರುತುಗಳನ್ನು ಕಣ್ಣಾರೆ ನೋಡಬೇಕೆಂದೇ ನಾನು ಹೊರಟಿದ್ದು. ಪಾಮರ್‌ಗೆ ಮೊದಲು ಬಂದದ್ದಕ್ಕೂ ಅದೇ ಕಾರಣ: ಇಲ್ಲಿ ಒಂದಿಡೀ ಊರೇ ಹಾಗೆ ವಲಸೆ ಬಂದು ಹುಟ್ಟಿದ್ದು.

1935ರ ಮೇ ತಿಂಗಳು. ಅಮೆರಿಕ ಮಹಾಕುಸಿತದಲ್ಲಿ ನಲುಗಿದ್ದ ಕಾಲ. ರೂಸ್‌ವೆಲ್ಟ್ ಸರ್ಕಾರ ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳಲ್ಲಿ ಕೈಸೋತ 203 ರೈತ ಕುಟುಂಬಗಳನ್ನು ಹಡಗು ಹತ್ತಿಸಿ, ರೈಲು ಹತ್ತಿಸಿ ಈ ಕಣಿವೆಗೆ ತಂದು ಬಿಟ್ಟಿತು. ಚಳಿ ಕಂಡ ಜನ, ತಾಳಿಕೊಂಡಾರು ಎಂಬ ಲೆಕ್ಕಾಚಾರ. ಚೀಟಿ ಎತ್ತಿಸಿ ತಲಾ ನಲವತ್ತು ಎಕರೆ ಹಂಚಿದರು. ಜಮೀನು, ಮನೆ, ದನ ಎಲ್ಲವೂ ಸಾಲದ ಲೆಕ್ಕದಲ್ಲಿ. ಮೂವತ್ತು ವರ್ಷದಲ್ಲಿ ತೀರಿಸಬೇಕು. ಚಳಿಗಾಲ ಬರುವುದರೊಳಗೆ ಮನೆ ಏಳಬೇಕಿತ್ತು. ಅಲ್ಲಿಯವರೆಗೆ ಹೆಂಗಸರು, ಮಕ್ಕಳು, ಬಸುರಿ ಬಾಣಂತಿಯರೆಲ್ಲ ಕೆಸರಿನ ಮೇಲೆ ಹೂಡಿದ ಡೇರೆಗಳಲ್ಲಿ.

ಅವರು ಕಟ್ಟಿದ ಕೊಟ್ಟಿಗೆಗಳು ಇವತ್ತೂ ಕಣಿವೆಯುದ್ದಕ್ಕೂ ನಿಂತಿವೆ. ಎಲ್ಲವೂ ಒಂದೇ ನಕ್ಷೆಯವು. ಮೂವತ್ತೆರಡು ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ಕೆಳಗೆ ದಿಮ್ಮಿಯ ಗೋಡೆ, ಮೇಲೆ ಎರಡು ಮಡಿಕೆಯ ಚಾವಣಿ. ಒಳಗೆ ಅಟ್ಟದಲ್ಲಿ ಚಳಿಗಾಲದ ಹುಲ್ಲು. ಕೆಲವಕ್ಕೆ ಕೆಂಪು ಬಣ್ಣ ಬಳಿದಿದ್ದಾರೆ, ಕೆಲವು ಒಂದು ಪಕ್ಕಕ್ಕೆ ವಾಲಿವೆ. ಹಿಂದೆ ಪಯೊನಿಯರ್ ಶಿಖರ ಅರ್ಧ ಆಕಾಶವನ್ನು ಮುಚ್ಚಿ ಕೂತಿದೆ. ಒಂದು ಕೊಟ್ಟಿಗೆಯ ಕಂಬಕ್ಕೆ ಕೈಯಿಟ್ಟು ನಿಂತಾಗ, ಇಷ್ಟು ಎತ್ತರಕ್ಕೆ ದಿಮ್ಮಿ ಏರಿಸಲು ಎಷ್ಟು ಮನೆಯ ಗಂಡಸರು ಹೆಗಲು ಕೊಟ್ಟಿರಬೇಕು ಎಂದು ಯೋಚಿಸಿದೆ. ಒಬ್ಬರಿಂದ ಆಗುವ ಕೆಲಸವೇ ಅಲ್ಲ ಅದು. ಹಾಗಿದ್ದೂ 1940ರ ಹೊತ್ತಿಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಕಣಿವೆ ಬಿಟ್ಟು ಹೋಗಿದ್ದವು. ಬೆಳೆದದ್ದನ್ನು ಮಾರಲು ಪೇಟೆ ದೂರ, ಸಾಲದ ಭಾರ, ಮನೆಯ ನೆನಪು. ಉಳಿದವರು ಹಾಲು, ಆಲೂಗಡ್ಡೆ, ಕೋಸು ನಂಬಿ ಊರನ್ನು ನಿಲ್ಲಿಸಿದರು. ಹೋದವರನ್ನು ಸೋತವರೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಆ ಡೇರೆಗಳ ಫೋಟೊಗಳನ್ನು ನೋಡಿದ ಯಾರಿಗೂ ಬರಲಾರದು.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಅಲಾಸ್ಕಾದಲ್ಲಿ ಬಿಟ್ಟಿ ಜಮೀನು ಸಿಗುತ್ತದೆ ಎಂಬ ಸುದ್ದಿ ಈಗಲೂ ಓಡಾಡುತ್ತಿದೆ. ಒಂದು ಕಾಲಕ್ಕೆ ಅದು ನಿಜವಾಗಿತ್ತು. ಅಬ್ರಹಾಂ ಲಿಂಕನ್ 1862ರಲ್ಲಿ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 160 ಎಕರೆಯವರೆಗೆ ಸರ್ಕಾರಿ ಭೂಮಿ ಗುರುತಿಸಿಕೊಂಡು, ಐದು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ಉತ್ತು ಬಿತ್ತಿ ತೋರಿಸಿದರೆ ಹಕ್ಕುಪತ್ರ ಸಿಗುತ್ತಿತ್ತು. 1976ರಲ್ಲಿ ಆ ಕಾಯ್ದೆ ರದ್ದಾಯಿತು. ಅಲಾಸ್ಕಾಕ್ಕೆ ಮಾತ್ರ ಹತ್ತು ವರ್ಷದ ರಿಯಾಯಿತಿ. ಕೆನ್ ಡಿಯರ್‌ಡಾರ್ಫ್ ಎಂಬ ವಿಯೆಟ್ನಾಂ ಯುದ್ಧದ ಮಾಜಿ ಸೈನಿಕ ನೈರುತ್ಯ ಅಲಾಸ್ಕಾದ ಸ್ಟೋನಿ ನದಿಯ ದಂಡೆಯಲ್ಲಿ ಎಂಬತ್ತು ಎಕರೆ ಹಸನು ಮಾಡಿ, 1988ರ ಮೇ ತಿಂಗಳಲ್ಲಿ ಹಕ್ಕುಪತ್ರ ಪಡೆದ. ಆ ಕಾಯ್ದೆಯಡಿ ಭೂಮಿ ಪಡೆದ ಕೊನೆಯ ಮನುಷ್ಯ ಆತ. 126 ವರ್ಷದ ಒಂದು ದೊಡ್ಡ ಅಧ್ಯಾಯ ಅಲ್ಲಿಗೆ ಮುಗಿಯಿತು. ಈಗ ಯಾರಾದರೂ ಅಲ್ಲಿ ನೆಲೆಸುವುದಾದರೆ ದುಡ್ಡು ಕೊಟ್ಟೇ ನೆಲ ಕೊಳ್ಳಬೇಕು.

ಪಾಮರ್‌ನದು ಊರಿಗೆ ಊರೇ ಬಂದ ಕಥೆಯಾದರೆ, ಒಬ್ಬನೇ ಹೋದವನ ಮನೆ ನೋಡಲು ಆಂಕರೇಜ್‌ನಿಂದ ವಿಮಾನ ಹತ್ತಬೇಕು. ಲೇಕ್ ಕ್ಲಾರ್ಕ್ ರಾಷ್ಟ್ರೀಯ ಉದ್ಯಾನಕ್ಕೆ ರಸ್ತೆಯೇ ಇಲ್ಲ. ಸುಮಾರು ನಲವತ್ತು ಲಕ್ಷ ಎಕರೆ, ಅಂದರೆ ನಮ್ಮ ಕೊಡಗಿನ ನಾಲ್ಕರಷ್ಟು ಕಾಡು, ಬೆಟ್ಟ, ನೀರು. ಹೊರಗಿನ ಲೋಕದಿಂದ ಅಲ್ಲಿಗೆ ಒಂದು ಹೆದ್ದಾರಿಯೂ ತಲುಪುವುದಿಲ್ಲ. ಪುಟ್ಟ ವಿಮಾನದವರು ಚೀಲದ ಜೊತೆ ನಮ್ಮನ್ನೂ ತೂಗಿದರು. ಯಾರು ಎಲ್ಲಿ ಕೂರಬೇಕು ಎಂಬುದನ್ನು ತೂಕವೇ ನಿರ್ಧರಿಸುತ್ತದೆ.

ಕುಕ್ ಕೊಲ್ಲಿಯನ್ನು ದಾಟಿ ಲೇಕ್ ಕ್ಲಾರ್ಕ್ ಕಣಿವೆಮಾರ್ಗದೊಳಕ್ಕೆ ವಿಮಾನ ನುಗ್ಗಿತು. ಎರಡೂ ಬದಿಗೆ ಬೆಟ್ಟದ ಗೋಡೆ, ನಾವು ಅವುಗಳ ನಡುವೆ. ತುದಿಗಳು ಕಿಟಕಿಯಿಂದ ಕಾಣದಷ್ಟು ಮೇಲೆ. ಬೆಟ್ಟದ ಸಂದುಗಳಿಂದ ನೇತಾಡುವ ಹಿಮನದಿಗಳು. ಅವುಗಳ ಬಿರುಕುಗಳ ಆಳದಲ್ಲಿ ಒಂದು ನೀಲಿ. ನಾನು ಕಂಡ ಯಾವ ನೀಲಿಗೂ ಅದನ್ನು ಹೋಲಿಸಲಾರೆ. ಹಳೆಯ ಮಂಜುಗಡ್ಡೆ ತನ್ನದೇ ಭಾರಕ್ಕೆ ಒತ್ತಿ ಒತ್ತಿ ಒಳಗಿನ ಗಾಳಿಯನ್ನೆಲ್ಲ ಹೊರಹಾಕಿರುತ್ತದೆ. ಬೆಳಕು ಆಳಕ್ಕಿಳಿದಾಗ ಕೆಂಪು ಹೀರಿಹೋಗಿ ನೀಲಿ ಮಾತ್ರ ತಿರುಗಿ ಬರುತ್ತದೆ. ಕಾರಣ ಗೊತ್ತಿದ್ದರೂ ಬೆರಗು ಕಡಿಮೆಯಾಗಲಿಲ್ಲ. ಪೋರ್ಟ್ ಆಲ್ಸ್‌ವರ್ತ್ ಎಂಬ ಹಳ್ಳಿಯಲ್ಲಿ ಇಳಿದು, ಚಕ್ರದ ಬದಲು ದೋಣಿಯಂಥ ಪಾದಗಳಿದ್ದ ಇನ್ನೊಂದು ವಿಮಾನ ಹತ್ತಿ, ಬೆಟ್ಟ ದಾಟಿ ಅಪ್ಪರ್ ಟ್ವಿನ್ ಲೇಕ್ ಎಂಬ ಸರೋವರದ ಮೇಲೆ ಇಳಿದೆವು. ನೀರಿನ ಬಣ್ಣ ಹಸಿರೂ ಅಲ್ಲ, ನೀಲಿಯೂ ಅಲ್ಲ. ಎಂಜಿನ್ ನಿಂತಿತು. ದಡಕ್ಕೆ ತಾಗುವ ಅಲೆಯ ಸಣ್ಣ ಸದ್ದು ಬಿಟ್ಟರೆ ಬೇರೇನೂ ಕೇಳದ ಆ ಹೊತ್ತಿನಲ್ಲಿ, ಜೊತೆಗಿದ್ದವರು ಯಾರೂ ಮಾತಾಡಲಿಲ್ಲ.

ದಡದ ಕಲ್ಲುಗಳಿಂದ ನಾಲ್ಕು ಹೆಜ್ಜೆ ಮೇಲೆ, ಸ್ಪ್ರೂಸ್ ಮರಗಳ ನಡುವೆ ಆ ಮನೆ. ಒಂದೇ ಕೋಣೆ, ಒಳ ಅಳತೆ ಸುಮಾರು ಹನ್ನೊಂದು ಅಡಿಗೆ ಹದಿನೈದು. ಕಟ್ಟಿದವನ ಹೆಸರು ರಿಚರ್ಡ್ ಪ್ರೆನಕಿ, ಎಲ್ಲರಿಗೂ ಡಿಕ್. 1916ರಲ್ಲಿ ಅಯೊವಾ ರಾಜ್ಯದಲ್ಲಿ ಹುಟ್ಟಿದ ಆತ ನೌಕಾಪಡೆಯಲ್ಲಿ ಬಡಗಿಯಾಗಿದ್ದ, ಆಮೇಲೆ ಡೀಸೆಲ್ ಮೆಕ್ಯಾನಿಕ್ ಆದ, ಅಲಾಸ್ಕಾಕ್ಕೆ ಬಂದು ಕೋಡಿಯಾಕ್ ದ್ವೀಪದಲ್ಲಿ ದೊಡ್ಡ ಯಂತ್ರಗಳನ್ನು ಓಡಿಸಿದ. ವೆಲ್ಡಿಂಗ್ ಮಾಡುವಾಗ ಆದ ಅಪಘಾತವೊಂದರಲ್ಲಿ ಕಣ್ಣೇ ಹೋಗುವುದರಲ್ಲಿತ್ತು. ದೃಷ್ಟಿ ಮರಳಿ ಬಂದಮೇಲೆ, ಇನ್ನು ಈ ಕಣ್ಣುಗಳಿಂದ ನೋಡಬೇಕಾದ್ದನ್ನು ನೋಡುತ್ತೇನೆ ಎಂಬಂತೆ ಕೆಲಸ ಬಿಟ್ಟು ಇಲ್ಲಿಗೆ ಬಂದ. 1967ರ ಬೇಸಿಗೆಯಲ್ಲೇ ಮರ ಕಡಿದು, ತೊಗಟೆ ಸುಲಿದು, ದಿಮ್ಮಿಗಳನ್ನು ಒಣಗಲು ಒಟ್ಟಿ ಹೋಗಿದ್ದ. 1968ರ ಮೇ 21ರಂದು ತಿರುಗಿ ಬಂದಾಗ ಆತನಿಗೆ ಐವತ್ತೆರಡು ವಯಸ್ಸು.

ಬೇಸಿಗೆಯಲ್ಲಿ ಉದ್ಯಾನದವರು ನೇಮಿಸಿದ ಸ್ವಯಂಸೇವಕರು ಮನೆಯನ್ನು ನೋಡಿಕೊಳ್ಳುತ್ತಾರೆ. ಅವರ ಒಪ್ಪಿಗೆ ಕೇಳಿ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತೆ. ಅಡ್ಡಕ್ಕೆ ಎರಡು ಭಾಗವಾದ ಬಾಗಿಲು: ಮೇಲರ್ಧ ತೆರೆದು ಕೆಳಗಿನದನ್ನು ಮುಚ್ಚಿಟ್ಟು ಹೊರಗೆ ನೋಡಬಹುದು. ಅದರ ಕೀಲುಗಳು ಮರದವು. ಕಬ್ಬಿಣದ ಬಿಜಾಗರಿ ಒಂದೂ ಇಲ್ಲ. ಅಂಗೈಯಗಲದ ಮರದ ತುಂಡುಗಳನ್ನು ಬೆರಳು ಹೆಣೆದಂತೆ ಒಂದರೊಳಗೊಂದು ಕೂರಿಸಿ, ನಡುವೆ ಮರದ ಗೂಟ ತೂರಿಸಿದ್ದಾನೆ. ಅಗುಳಿಯೂ ಮರದ್ದೇ. ಕೆತ್ತಿದ ಉಳಿಯ ಗುರುತುಗಳು ಇನ್ನೂ ಬೆರಳಿಗೆ ಸಿಗುತ್ತವೆ. ಬಾಗಿಲನ್ನು ತಳ್ಳಿದೆ, ಅರ್ಧ ಶತಮಾನ ದಾಟಿದ ಆ ಕೀಲು ಸದ್ದಿಲ್ಲದೆ ತಿರುಗಿತು. ಈ ಪ್ರವಾಸದಲ್ಲಿ ಹಿಮನದಿಗಳನ್ನೂ ಜ್ವಾಲಾಮುಖಿಗಳನ್ನೂ ನೋಡಿದ್ದೇನೆ. ಮೈ ಜುಮ್ಮೆಂದದ್ದು ಇಲ್ಲಿ.

ವಿಮಾನದಲ್ಲಿ ತೂಕ ಉಳಿಯಲೆಂದು ಆತ ಉಳಿ, ಬೈರಿಗೆಗಳಂಥ ಕೆಲವು ಹತಾರಗಳ ಲೋಹದ ಭಾಗವನ್ನು ಮಾತ್ರ ತಂದು, ಹಿಡಿಗಳನ್ನು ಇಲ್ಲೇ ಕಾಡಿನ ಮರದಲ್ಲಿ ಮಾಡಿಕೊಂಡ. ದಿಮ್ಮಿಯ ತುದಿಯನ್ನು ಕೆಳಗಿನ ದಿಮ್ಮಿಯ ಬೆನ್ನಿಗೆ ಸರಿಯಾಗಿ ಕೂರುವಂತೆ ಕಚ್ಚು ಹಾಕಿ, ಒಂದರ ಮೇಲೊಂದು ಏರಿಸಿದ. ಚಾವಣಿಗೆ ತೆಳು ಮರದ ಗಳು, ಅದರ ಮೇಲೆ ಡಾಂಬರು ಕಾಗದ ಮತ್ತು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಾಡಿನಿಂದ ಕಿತ್ತು ತಂದ ಪಾಚಿ. ಒಲೆಗೆ ದಡದ ಕಲ್ಲುಗಳು. ಸೀಮೆಎಣ್ಣೆ, ಪೆಟ್ರೋಲ್ ತಂದ ತಗಡಿನ ಡಬ್ಬಗಳು ಖಾಲಿಯಾದ ಮೇಲೆ ಬಾಂಡಲಿಯಾದವು, ಬಕೆಟ್ಟಾದವು. ಚಮಚ ಕೆತ್ತಿದ, ಮಂಚ ಕಟ್ಟಿದ. ಮನೆಯ ಹಿಂದೆ ಎತ್ತರದ ಕಂಬಗಳ ಮೇಲೆ ನಿಂತ ಸಣ್ಣ ಕಣಜವಿದೆ. ಏಣಿ ತೆಗೆದುಬಿಟ್ಟರೆ ಕರಡಿಗೆ ಎಟುಕುವುದಿಲ್ಲ. ಬೇಸಿಗೆಯಲ್ಲಿ ಆಹಾರ ಕೆಡದಿರಲು ಪಾಚಿಯ ಕೆಳಗಿನ ತಣ್ಣನೆಯ ನೆಲದಲ್ಲಿ ಡಬ್ಬ ಹೂಳಿಟ್ಟ. ನೆಲವನ್ನೇ ಫ್ರಿಜ್ ಮಾಡಿಕೊಂಡ ಆ ಗುಂಡಿಯ ಮುಂದೆ ನಾನು ತುಂಬ ಹೊತ್ತು ನಿಂತಿದ್ದೆ. ಇದನ್ನೆಲ್ಲ ಮಾಡುತ್ತಲೇ ಆತ ತನ್ನನ್ನು ತಾನೇ ಚಿತ್ರೀಕರಿಸಿಕೊಂಡ ಎಂಬುದು ಇನ್ನೊಂದು ಸೋಜಿಗ: ಬೋಲೆಕ್ಸ್ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ಚಾಲೂ ಮಾಡಿ, ಅದರ ಮುಂದೆ ನಡೆದುಹೋಗಿ, ಮತ್ತೆ ವಾಪಸು ಬಂದು ಎತ್ತಿಕೊಳ್ಳುವುದು. ಆತನ ದಿನಚರಿಯನ್ನು ಗೆಳೆಯ ಸ್ಯಾಮ್ ಕೀತ್ 1973ರಲ್ಲಿ ಪುಸ್ತಕವಾಗಿಸಿದ ಮೇಲೆ ಈ ಮನೆ ಲೋಕಕ್ಕೆ ತಿಳಿಯಿತು.

ಚಳಿಗಾಲದ ಬಗ್ಗೆ ಕೇಳಿದೆ. ಮೈನಸ್ ನಲವತ್ತರಲ್ಲಿ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಅಂಕಿಗೆ ಬಂದು ನಿಲ್ಲುತ್ತವೆ. ಈ ಸರೋವರದ ದಡದಲ್ಲಿ ಅಂಥ ಚಳಿ ಅಪರೂಪವಲ್ಲ. ಪ್ರೆನಕಿ ದಿನವೂ ಉಷ್ಣಾಂಶ ಬರೆದಿಡುತ್ತಿದ್ದ, ಮಂಜುಗಡ್ಡೆಯ ದಪ್ಪ ಅಳೆಯುತ್ತಿದ್ದ, ಕುಡಿಯುವ ನೀರಿಗೆ ಅದನ್ನು ಕಡಿದು ತೂತು ಮಾಡುತ್ತಿದ್ದ. ಮಲೆನಾಡಿನ ಮನೆಗಳಲ್ಲಿ ಮೇ ಮುಗಿಯುವ ಮುಂಚೆ ಸೌದೆ ಒಟ್ಟಿ, ಹಪ್ಪಳ ಸಂಡಿಗೆಯ ಡಬ್ಬ ತುಂಬಿ, ಉಪ್ಪಿನಕಾಯಿ ಜಾಡಿಯ ಬಾಯಿ ಕಟ್ಟುತ್ತಿದ್ದ ಹಾಗೆ ಆತನ ಬೇಸಿಗೆಯೂ ಚಳಿಗಾಲದ ಸೇವೆಯಲ್ಲೇ ಕಳೆಯುತ್ತಿತ್ತು. ವ್ಯತ್ಯಾಸ ಇಷ್ಟೇ: ಮಳೆಗಾಲದಲ್ಲಿ ಸೌದೆ ಮುಗಿದರೆ ನಮಗೆ ಪಕ್ಕದ ಮನೆಯಿತ್ತು.

ವರ್ಷದಲ್ಲಿ ಎರಡು ಸಲ ಈ ಜಾಗಕ್ಕೆ ಯಾರೂ ಬರಲಾರರು ಎಂಬುದು ನನಗೆ ಹೊಸ ಸಂಗತಿ. ಶರತ್ಕಾಲದ ಕೊನೆಗೆ ನೀರು ಹೆಪ್ಪುಗಟ್ಟುವಾಗ ತೇಲುವ ವಿಮಾನ ಇಳಿಯಲಾಗದು, ಸ್ಕೀ ತೊಡಿಸಿದ ವಿಮಾನವನ್ನು ತಾಳುವಷ್ಟು ಗಡ್ಡೆಯೂ ಇನ್ನೂ ಕಟ್ಟಿರುವುದಿಲ್ಲ. ವಸಂತದಲ್ಲಿ ಗಡ್ಡೆ ಒಡೆಯುವಾಗಲೂ ಅದೇ ಕಥೆ. ಆ ವಾರಗಳಲ್ಲಿ ಹಲ್ಲುನೋವು ಬಂದರೂ, ಕೊಡಲಿ ಕಾಲ ಮೇಲೆ ಬಿದ್ದರೂ ನಿನಗೆ ನೀನೇ. ಉಳಿದ ದಿನಗಳಲ್ಲಿ? ಬೇಬ್ ಆಲ್ಸ್‌ವರ್ತ್ ಎಂಬ ಪೈಲಟ್ ಇದ್ದ. ಪೋರ್ಟ್ ಆಲ್ಸ್‌ವರ್ತ್‌ಗೆ ಹೆಸರು ಬಂದದ್ದೇ ಆತನ ಮನೆತನದಿಂದ. ಹಿಟ್ಟು, ಸಕ್ಕರೆ, ಹುರುಳಿಯ ಜಾತಿಯ ಕಾಳುಗಳು, ಈರುಳ್ಳಿ, ಮೊಳೆ, ಕಾಗದ ಪತ್ರಗಳನ್ನು ಆತ ಆಗಾಗ ತಂದಿಳಿಸುತ್ತಿದ್ದ. ಮನೆ ಎದ್ದು ನಿಲ್ಲುವವರೆಗೆ ಪ್ರೆನಕಿ ಇದ್ದದ್ದು ಗೆಳೆಯರೊಬ್ಬರ ಕ್ಯಾಬಿನ್ನಿನಲ್ಲಿ. ಮೊದಲ ಹದಿನಾರು ತಿಂಗಳು ಕಳೆದು ಊರಿಗೆ ಹೋದದ್ದು ಕಾಯಿಲೆಯ ತಂದೆಯನ್ನು ನೋಡಲು. ತಿರುಗಿ ಬಂದವನು ಎಂಬತ್ತು ದಾಟುವವರೆಗೆ, ಆಗಾಗ ನೆಂಟರ ಬಳಿ ಹೋಗಿ ಬರುತ್ತ, ಇಲ್ಲೇ ಇದ್ದ.

ಇದನ್ನು ಕೇಳಿದ ಕೆಲವರಿಗೆ ನಿರಾಸೆಯಾಗುತ್ತದಂತೆ: ಹಾಗಾದರೆ ಇದು ಪೂರ್ತಿ ಸ್ವಾವಲಂಬನೆ ಅಲ್ಲವಲ್ಲ ಎಂದು. ನನಗೆ ಮಾತ್ರ ಆತನ ಮೇಲಿನ ಗೌರವ ಇದರಿಂದಲೇ ಹೆಚ್ಚಿತು. ತನಗೆ ಏನು ಬೇಕು, ಎಷ್ಟು ಬೇಕು, ಅದರಲ್ಲಿ ಯಾವುದನ್ನು ಕೈಯಿಂದ ಮಾಡಿಕೊಳ್ಳಬಹುದು, ಯಾವುದಕ್ಕೆ ಇನ್ನೊಬ್ಬರ ನೆರವು ಬೇಕು ಎಂಬ ಲೆಕ್ಕ ಆತನಿಗೆ ಚೊಕ್ಕವಾಗಿ ಗೊತ್ತಿತ್ತು. ಆ ಲೆಕ್ಕವನ್ನು ಆತ ಎಲ್ಲೂ ಮುಚ್ಚಿಡಲಿಲ್ಲ. ಮೂವತ್ತು ವರ್ಷ ಬಡಗಿ, ಮೆಕ್ಯಾನಿಕ್ ಆಗಿ ಪಳಗಿದ ಕೈಗಳು ಆತನ ಬಂಡವಾಳ. 1992ರಲ್ಲಿ ಇದೇ ಅಲಾಸ್ಕಾದ ಸ್ಟಾಂಪೀಡ್ ಹಾದಿಯ ಹಾಳು ಬಸ್ಸಿನಲ್ಲಿ ಹಸಿವಿನಿಂದ ತೀರಿಕೊಂಡ ಕ್ರಿಸ್ ಮೆಕ್‌ಕ್ಯಾಂಡ್ಲೆಸ್‌ಗೆ ಇಪ್ಪತ್ನಾಲ್ಕು ವರ್ಷ. ಅವನಿಗಿದ್ದ ಹಂಬಲ ಪ್ರೆನಕಿಯದಕ್ಕಿಂತ ಕಡಿಮೆಯದಲ್ಲ. ವಸಂತದಲ್ಲಿ ಸುಲಭವಾಗಿ ದಾಟಿದ್ದ ಟೆಕ್ಲಾನಿಕಾ ನದಿ ಬೇಸಿಗೆಯಲ್ಲಿ ಹಿಮ ಕರಗಿ ಉಕ್ಕಿ, ಹಿಂತಿರುಗುವ ದಾರಿ ಕಟ್ಟಿಹೋಯಿತು. ಅವನ ಜಾಡು ಹಿಡಿದು ಹೋದ ಪ್ರವಾಸಿಗರಲ್ಲೂ ಕೆಲವರು ಆ ಹಾದಿಯ ಹೊಳೆಗಳಲ್ಲಿ ಪ್ರಾಣ ಕಳೆದುಕೊಂಡರು. 2020ರಲ್ಲಿ ಸರ್ಕಾರ ಹೆಲಿಕಾಪ್ಟರಿನಿಂದ ಆ ಬಸ್ಸನ್ನೇ ಎತ್ತಿ ತರಿಸಿತು. ಆ ಹುಡುಗನನ್ನು ಮೂರ್ಖನೆನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಆದರೆ ಅವನ ದಾರಿ ಹಿಡಿಯಬೇಡಿ ಎಂದು ನನ್ನ ಮನೆಯ ಮಕ್ಕಳಿಗೆ ಹೇಳುತ್ತೇನೆ.

ಇನ್ನೂ ಒಂದು ಸಂಗತಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಈ ನೆಲಕ್ಕೆ ಪ್ರೆನಕಿ ಮೊದಲಿಗನಲ್ಲ. ಲೇಕ್ ಕ್ಲಾರ್ಕ್‌ಗೆ ಕಿಝ್‌ಜೆ ವೆನಾ ಎಂಬ ಹೆಸರಿಟ್ಟ ಡೆನೈನಾ ಜನ ಯುರೋಪಿನವರು ಬರುವುದಕ್ಕೆ ಬಹಳ ಮುಂಚಿನಿಂದ ಇಲ್ಲಿ ಬಾಳಿದವರು. ಸಮುದ್ರದಿಂದ ನದಿಯೇರಿ ಬರುವ ಕೆಂಪು ಸಾಲ್ಮನ್ ಮೀನನ್ನು ಬೇಸಿಗೆಯಲ್ಲಿ ಹಿಡಿದು, ಸೀಳಿ, ಒಣಗಿಸಿ, ಹೊಗೆಯಾಡಿಸಿ ಚಳಿಗಾಲ ಕಳೆದರು. ಕಿಜಿಕ್ ಎಂಬ ಅವರ ಹಳೆಯ ಊರನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾಂಕ್ರಾಮಿಕ ರೋಗ ಬಾಧಿಸಿ, ಉಳಿದವರು ನೊಂಡಾಲ್ಟನ್ ಕಡೆಗೆ ಹೋದರು. ನೊಂಡಾಲ್ಟನ್‌ನಲ್ಲಿ ಇವತ್ತಿಗೂ ಬೇಸಿಗೆ ಬಂತೆಂದರೆ ಮೀನು ಒಣಗಿಸುವ ಅಟ್ಟಣೆಗಳು ಕೆಂಪಾಗುತ್ತವೆ. ಅಜ್ಜಿಯರು, ಮೊಮ್ಮಕ್ಕಳು ಒಟ್ಟಿಗೆ ಚೂರಿ ಹಿಡಿದು ಕೂರುತ್ತಾರೆ. ಚಳಿನಾಡಿನಲ್ಲಿ ತನ್ನ ಅನ್ನ ತಾನು ದುಡಿದುಕೊಳ್ಳುವ ವಿದ್ಯೆ ಪುಸ್ತಕವಾಗುವುದಕ್ಕೂ, ಸಿನಿಮಾ ಆಗುವುದಕ್ಕೂ ಎಷ್ಟೋ ಮುಂಚಿನಿಂದ ಇಲ್ಲಿ ಮನೆಮಾತಾಗಿತ್ತು. ಅದನ್ನು ಬಲ್ಲವರು ಗುಂಪಾಗಿ ಬದುಕಿದರು, ಹಿಡಿದ ಮೀನನ್ನು ಹಂಚಿಕೊಂಡರು. ಪಾಮರ್‌ನ ಕೊಟ್ಟಿಗೆಯ ಕಂಬದ ಬಳಿ ನನಗೆ ಹೊಳೆದದ್ದಕ್ಕೆ ಇಲ್ಲಿ ಸಾಕ್ಷಿ ಸಿಕ್ಕಿತು: ಈ ಚಳಿಯಲ್ಲಿ ಒಬ್ಬನೇ ಮನೆ ಕಟ್ಟಬಹುದು, ಒಬ್ಬನೇ ಬಾಳು ಸಾಗಿಸುವುದು ಆಗದ ಮಾತು.

ಪ್ರೆನಕಿ ವಯಸ್ಸಾದ ಮೇಲೆ ಮನೆಯನ್ನು ಉದ್ಯಾನದವರ ವಶಕ್ಕೆ ಬಿಟ್ಟು, 2003ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. 2007ರಲ್ಲಿ ಅಮೆರಿಕದ ಐತಿಹಾಸಿಕ ತಾಣಗಳ ಪಟ್ಟಿಗೆ ಈ ಮನೆ ಸೇರಿತು. ದಿಮ್ಮಿ ಕೊಳೆತರೆ, ಪಾಚಿ ಒಣಗಿದರೆ, ಆತ ಮಾಡಿದ ರೀತಿಯಲ್ಲೇ ರಿಪೇರಿ ಮಾಡಿ ಅದನ್ನು ಕಾಪಾಡುತ್ತಿದ್ದಾರೆ.

ನೋಡಲು ಹೋಗುವವರಿಗೆ ಕೆಲವು ಮಾತು. ಉದ್ಯಾನಕ್ಕೆ ಪ್ರವೇಶಶುಲ್ಕವಿಲ್ಲ, ಆದರೆ ವಿಮಾನದ ಖರ್ಚು ದೊಡ್ಡದು. ನಾಲ್ಕೈದು ಜನ ಸೇರಿ ಹೋದರೆ ಹಂಚಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮೊದಲ ವಾರದವರೆಗಿನ ಕಾಲ ಒಳ್ಳೆಯದು. ಸರೋವರದ ಬಳಿ ಅಂಗಡಿಯಿಲ್ಲ, ಹೋಟೆಲ್ಲಿಲ್ಲ, ಮೊಬೈಲಿಗೆ ಸಿಗ್ನಲ್ಲಿಲ್ಲ; ಬುತ್ತಿ ಕಟ್ಟಿಕೊಂಡು ಹೋಗಿ, ಕಸವನ್ನು ಜೊತೆಗೇ ವಾಪಸು ತನ್ನಿ. ಕಣಿವೆಯಲ್ಲಿ ಮೋಡ ಕವಿದರೆ ಯಾವ ಪೈಲಟ್ಟೂ ಹಾರುವುದಿಲ್ಲ, ಹಾರಿ ಎಂದು ಒತ್ತಾಯಿಸಲೂಬಾರದು. ಆದ್ದರಿಂದ ಆಂಕರೇಜ್‌ನಿಂದ ಊರಿಗೆ ಮರಳುವ ಟಿಕೆಟ್ಟಿಗೂ ಈ ಪಯಣಕ್ಕೂ ನಡುವೆ ಎರಡು ದಿನ ಖಾಲಿ ಬಿಟ್ಟುಕೊಳ್ಳಿ.